ಎಡದಂಡೆ, ಬಲದಂಡೆ

ತಿಳಿಹೊಳೆಯ ಊರು
ಫೆಬ್ರವರಿ ೩

ಬೀಗತಿಯವರಿಗೆ,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ಮೊದಲ ಸಾಲಿನಲ್ಲಿ ಬರೆಯಬೇಕಂತೆ. ನಮ್ಮ ಯಜಮಾನರು ಪಕ್ಕದಲ್ಲಿ ಕೂತು ಹೇಳಿಕೊಡುತ್ತಿದ್ದಾರೆ. ಅವರು ಚೆನ್ನಾಗಿದ್ದಾರೆ. ನಾನು ಚೆನ್ನಾಗಿಲ್ಲ, ಅದಕ್ಕೇ ಬರೆಯುತ್ತಿರುವುದು.

ಮದುವೆಯ ದಿನ ನಿಮ್ಮ ಜೊತೆ ಮಾತು ಬಿಟ್ಟಿದ್ದೆ. ಈಗಲೂ ಬಿಟ್ಟೇ ಇದ್ದೇನೆ. ಬರೆಯುವುದು ಮಾತಿನ ಲೆಕ್ಕಕ್ಕೆ ಬರುವುದಿಲ್ಲ ಎಂದುಕೊಂಡು ಪೆನ್ನು ಹಿಡಿದಿದ್ದೇನೆ. ನಿಮ್ಮ ಮಗಳಿಗೆಂದು ನಾನೇ ಅಳತೆ ತೆಗೆದು, ನಾನೇ ಕತ್ತರಿಸಿ ಹೊಲಿದ ಉಡುಪಿನ ತೋಳನ್ನು ನಿಮ್ಮೂರಿನ ಯಾವನೋ ದರ್ಜಿಯ ಹತ್ತಿರ ಬಿಚ್ಚಿಸಿ ಮತ್ತೆ ಹೊಲಿಸಿದಿರಿ. ನನಗೆ ಗೊತ್ತಾಗುವುದಿಲ್ಲ ಎಂದುಕೊಂಡಿರಿ. ಫೋಟೋ ತೆಗೆಯುವಾಗ ಅವಳು ಕೈ ಎತ್ತಿದಳು ನೋಡಿ, ಆಗಲೇ ಗೊತ್ತಾಯಿತು. ಅದು ನನ್ನ ಹೊಲಿಗೆ ಅಲ್ಲ.

ಹೋಗಲಿ. ಈಗ ಬರೆಯುತ್ತಿರುವುದು ಬೇರೆ ವಿಷಯಕ್ಕೆ. ನಮ್ಮ ಮಗ, ನಿಮ್ಮ ಮಗಳು ಹೊಳೆಗಳು ಕೂಡುವ ಆ ಊರಿನಲ್ಲಿ ಸಂಸಾರ ಹೂಡಿದಾಗ ನನಗೆ ಸಮಾಧಾನವೇ ಆಗಿತ್ತು. ನಮ್ಮ ತಿಳಿ ಹೊಳೆ ಒಂದು ಕಡೆಯಿಂದ ಬರುತ್ತದೆ, ನಿಮ್ಮ ಕೆಂಪು ಹೊಳೆ ಇನ್ನೊಂದು ಕಡೆಯಿಂದ. ನಿಮಗೂ ಅಷ್ಟೇ ದೂರ, ನಮಗೂ ಅಷ್ಟೇ ದೂರ. ಅವನು ದೋಣಿ ಓಡಿಸುತ್ತಾನೆ, ಅವಳು ನೀರು ಪರೀಕ್ಷೆ ಮಾಡುತ್ತಾಳೆ, ರಜೆ ಬಂದರೆ ಒಂದು ಸಲ ಅಲ್ಲಿ ಒಂದು ಸಲ ಇಲ್ಲಿ ಎಂದು ಲೆಕ್ಕ ಹಾಕಿದ್ದೆ. ಆದರೆ ಹೋದ ವಾರದ ಸಾಲು ರಜೆಗೂ ಮಗ ಫೋನಿನಲ್ಲಿ ಅದೇ ಹೇಳಿದ. “ಅಮ್ಮ, ಈ ಸಲ ಅತ್ತೆ ಮನೆಗೆ ಹೋಗ್ತಿದ್ದೀವಿ.” ಅದರ ಹಿಂದಿನ ರಜೆಗೂ ಅತ್ತೆ ಮನೆ. ಅದರ ಹಿಂದಿನದಕ್ಕೂ.

ಅಳಿಯನಿಗೆ ಉಪಚಾರ ಮಾಡಬೇಡಿ ಎನ್ನುವುದಿಲ್ಲ. ಕಟ್ಟಿಹಾಕಿಕೊಳ್ಳಬೇಡಿ ಅಷ್ಟೇ. ಮುಂದಿನ ರಜೆಗೆ ನನ್ನ ಮಗನನ್ನು ನನ್ನ ಮನೆಗೆ ಬಿಡಿ. ಬೇಡಿಕೊಳ್ಳುತ್ತಿಲ್ಲ, ಕೇಳುತ್ತಿದ್ದೇನೆ.

ನಿಮ್ಮ ಅಳಿಯನ ತಾಯಿ


ಕೆಂಪುಹೊಳೆಯ ಊರು
ಫೆಬ್ರವರಿ ೧೧

ಬೀಗತಿಯವರಿಗೆ,

ಪತ್ರ ಮುಟ್ಟಿತು. ಮೊದಲು ತೋಳಿನ ವಿಷಯ ಮುಗಿಸಿಬಿಡೋಣ. ನನ್ನ ಮಗಳಿಗೆ ಆ ತೋಳಿನಲ್ಲಿ ಕೈ ಎತ್ತಲು ಆಗುತ್ತಿರಲಿಲ್ಲ. ಮದುವೆಯ ದಿನವಿಡೀ ಕೈ ಕೆಳಗೆ ಬಿಟ್ಟುಕೊಂಡು ನಿಲ್ಲಲಿ ಎಂಬುದು ನಿಮ್ಮ ಆಸೆಯಾಗಿದ್ದರೆ ಮೊದಲೇ ಹೇಳಬೇಕಿತ್ತು.

ಇನ್ನು ನಿಮ್ಮ ಮಗ. ಅವರು ನನ್ನ ಮನೆಯ ಮೆಟ್ಟಿಲು ತುಳಿದು ವರ್ಷವಾಗುತ್ತಾ ಬಂತು. ಪ್ರತಿ ರಜೆಯ ಮುಂಚೆ ನನ್ನ ಮಗಳು ಫೋನ್ ಮಾಡಿ, “ಈ ಸಲ ಅವರ ಅಮ್ಮನ ಮನೆಗೆ ಹೋಗ್ಬೇಕಂತೆ, ಬೇಜಾರು ಮಾಡ್ಕೋಬೇಡ” ಎನ್ನುತ್ತಾಳೆ. ನಾನು ಹಾಸಿದ ಹಾಸಿಗೆ ಮಡಚಿ ಒಳಗಿಡುತ್ತೇನೆ. ಈ ಸಾಲು ರಜೆಗೂ ಹಾಗೇ ಮಾಡಿದ್ದೇನೆ. ಈಗ ನೀವು ನೋಡಿದರೆ, ನಾನೇ ಅವರನ್ನು ಕಟ್ಟಿಹಾಕಿಕೊಂಡಿದ್ದೇನೆ ಎನ್ನುತ್ತೀರಿ.

ನನಗೆ ಅನುಮಾನ ಬಂದದ್ದನ್ನು ಬಚ್ಚಿಡುವುದಿಲ್ಲ. ಮಗ ಸೊಸೆ ಇಬ್ಬರನ್ನೂ ಮನೆಯಲ್ಲಿ ಕೂರಿಸಿಕೊಂಡು, ನಾನು ಕೇಳುವ ಮುಂಚೆಯೇ ನನ್ನ ಮೇಲೆ ದೂರು ಬರೆದು ಕಳಿಸಿದ್ದೀರಿ ಎಂದುಕೊಂಡೆ. ಆಮೇಲೆ ಒಂದು ನೆನಪಾಯಿತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ತಂತಿ ಸಿಕ್ಕಿಸಿಕೊಂಡೇ ತಲೆ ನರೆತವಳು ನಾನು. ಊರಿನವರು ಇವತ್ತಿಗೂ ನನ್ನನ್ನು ‘ಹಲೋ ಅಕ್ಕ’ ಎಂದೇ ಕರೆಯುತ್ತಾರೆ. ಮಾತಿಗಿಂತ ಮಾತಿನ ಹಿಂದಿನ ಸದ್ದು ನನಗೆ ಬೇಗ ಕೇಳಿಸುತ್ತದೆ. ರಜೆಯಲ್ಲಿ ಮಗಳ ಹತ್ತಿರ ಮಾತಾಡಿದಾಗ ಅವಳ ಹಿಂದೆ ಹೊಲಿಗೆ ಯಂತ್ರದ ಸದ್ದು ಇರಲಿಲ್ಲ. ನಿಮ್ಮ ಮನೆಯಲ್ಲಿ ಯಂತ್ರ ನಿಲ್ಲುವುದೇ ಇಲ್ಲವಂತಲ್ಲ. ಆ ಕಡೆ ಯಾರೂ ಇಲ್ಲದ ಹಾಗೆ ಮೌನವಾಗಿತ್ತು. ಅವಳ ಗಂಡ ಕೆಮ್ಮಿದ್ದೂ ಕೇಳಿಸಲಿಲ್ಲ.

ನನಗಿರುವುದು ಒಬ್ಬಳೇ ಮಗಳು. ಅವಳು ಎಲ್ಲಿದ್ದಳು ಎಂದು ನಿಮಗೆ ಗೊತ್ತಿದ್ದರೆ ಸುತ್ತಿಬಳಸದೆ ಬರೆಯಿರಿ.

ನಿಮ್ಮ ಸೊಸೆಯ ತಾಯಿ


ತಿಳಿಹೊಳೆಯ ಊರು
ಫೆಬ್ರವರಿ ೧೮

ಬೀಗತಿಯವರಿಗೆ,

ನಿಮ್ಮ ಪತ್ರ ಓದಿ ಮುಗಿಸುವಷ್ಟರಲ್ಲಿ ನನ್ನ ಕಾಲು ಪೆಡಲ್ ಮೇಲೆ ತಾನಾಗಿ ನಿಂತುಬಿಟ್ಟಿತ್ತು. ಅಂದರೆ ನಮ್ಮಿಬ್ಬರಿಗೂ ಟೋಪಿ! ನಿಮಗೆ ನನ್ನ ಮನೆ ತೋರಿಸಿ, ನನಗೆ ನಿಮ್ಮ ಮನೆ ತೋರಿಸಿ, ಇವರು ಹೋಗುತ್ತಿದ್ದದ್ದು ಎಲ್ಲಿಗೆ?

ಯಜಮಾನರನ್ನು ಕೇಳಿದರೆ, “ಎಲ್ಲಿಗೋ ಹೋಗಿರ್ತಾರೆ ಬಿಡೇ, ಗಂಡ ಹೆಂಡ್ತಿ” ಎಂದು ಪೇಪರ್ ಮಗುಚಿದರು. ಗಂಡ ಹೆಂಡತಿ ಜೊತೆಯಲ್ಲೇ ಹೋಗಿದ್ದರೆ ಸುಳ್ಳು ಹೇಳುವ ಅವಶ್ಯಕತೆ ಏನಿತ್ತು? ನನ್ನ ತಲೆಗೆ ಹೊಳೆದದ್ದನ್ನು ಇಲ್ಲಿ ಬರೆಯಲು ಕೈ ಬರುವುದಿಲ್ಲ. ನಿಮ್ಮ ತಲೆಗೂ ಅದೇ ಹೊಳೆದಿದ್ದರೆ ನೀವೂ ಬರೆಯಬೇಡಿ.

ಇನ್ನೊಂದು ವಿಷಯ. ಸಂತೆಬೀದಿಯ ಹಳೆಯ ಮನೆ ಬಿಟ್ಟು ಹೊಸ ಮನೆಗೆ ಹೋಗಿದ್ದೇವೆ ಎಂದು ಮಗ ತಿಂಗಳುಗಳ ಹಿಂದೆಯೇ ಹೇಳಿದ್ದ. ವಿಳಾಸ ಕೇಳಿದರೆ, ದೋಣಿ ಕಚೇರಿಗೇ ಬರೆಯಮ್ಮ, ಅಲ್ಲಾದ್ರೆ ಬೇಗ ಸಿಗುತ್ತೆ ಎಂದ. ನಾನೂ ಪೆದ್ದಿಯ ಹಾಗೆ ಸುಮ್ಮನಾದೆ. ನಿಮಗೆ ವಿಳಾಸ ಕೊಟ್ಟಿದ್ದಾರೆಯೇ?

ಹೀಗೆ ಮಾಡೋಣ. ನಾವು ಬರೆದುಕೊಳ್ಳುತ್ತಿರುವುದು ಅವರಿಗೆ ಗೊತ್ತಾಗುವುದು ಬೇಡ. ನಾನು ಮಗನನ್ನು ಕೇಳುತ್ತೇನೆ, ನೀವು ಮಗಳನ್ನು ಕೇಳಿ. ಮನೆ ಎಲ್ಲಿ, ಹೇಗಿದೆ ಎಂದಷ್ಟೇ. ಬಾಯಿ ಬಿಡಿಸುವುದು ನಿಮಗೆ ಬರುತ್ತದೆ. ಇಬ್ಬರ ಉತ್ತರವನ್ನೂ ಪಕ್ಕಪಕ್ಕ ಇಟ್ಟು ನೋಡೋಣ.

ತೋಳಿನ ವಿಷಯ ನಾನಿನ್ನೂ ಬಿಟ್ಟಿಲ್ಲ.

ನಿಮ್ಮ ಅಳಿಯನ ತಾಯಿ


ಕೆಂಪುಹೊಳೆಯ ಊರು
ಮಾರ್ಚ್ ೨

ಬೀಗತಿಯವರಿಗೆ,

ಕೇಳಿದೆ. ಅಡುಗೆಯ ಮಾತು, ಕಾಲುನೋವಿನ ಮಾತು ಎಲ್ಲ ಮುಗಿಸಿ, ಇನ್ನೇನು ಫೋನ್ ಇಡಬೇಕು ಎನ್ನುವಾಗ ಕೇಳಿದೆ. ಜನ ನಿಜ ಹೇಳುವುದು ಆಗಲೇ.

“ಹೊಸ ಮನೆ ಎಲ್ಲಿ ಬರುತ್ತೆ?”

“ಬಲದಂಡೇಲಿ ಅಮ್ಮ. ಮೇಲಿನ ಮನೆ. ಕಿಟಕಿ ತೆಗೆದ್ರೆ ನಮ್ಮ ಕೆಂಪು ನೀರೇ ಕಾಣುತ್ತೆ. ಊರಲ್ಲೇ ಇದ್ದ ಹಾಗಿರುತ್ತೆ.”

“ಅಳಿಯಂದಿರಿಗೆ ದೂರ ಆಗಲ್ವಾ?”

“ಅವರಿಗೇನು, ದೋಣಿ ಇದೆಯಲ್ಲ” ಎಂದು ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ. ಕಿಟಕಿ ಹೇಳಿದಳು, ನೀರು ಹೇಳಿದಳು, ಮೆಟ್ಟಿಲು ಕಡಿದಾಗಿದೆ ಎಂದಳು. ಗಂಡನ ಸುದ್ದಿಯನ್ನು ನಾನು ಕೇಳಿ ತೆಗೆಯಬೇಕಾಯಿತು. ಮದುವೆಯಾದ ಹೊಸದರಲ್ಲಿ ಹೀಗಿರಲಿಲ್ಲ. ಆಗ ನಾನು ಹಲೋ ಎನ್ನುವ ಮೊದಲೇ ‘ಅವರು, ಅವರು’ ಎಂದು ಶುರುಮಾಡುತ್ತಿದ್ದಳು.

ನಿಮ್ಮ ಮಗ ಏನು ಹೇಳಿದರು?

ನಿಮ್ಮ ಸೊಸೆಯ ತಾಯಿ


ತಿಳಿಹೊಳೆಯ ಊರು
ಮಾರ್ಚ್ ೯

ಬೀಗತಿಯವರಿಗೆ,

ಕೂತುಕೊಂಡು ಓದಿ.

ನನ್ನ ಮಗ ಹೇಳಿದ್ದು ಎಡದಂಡೆ. ತಪ್ಪು ಕೇಳಿಸಿತೇನೋ ಎಂದು ಇನ್ನೊಂದು ಸಲ ಕೇಳಿದೆ. “ಎಡದಂಡೆ ಅಮ್ಮ, ಹಿಂದಿನ ಬಾಗಿಲು ತೆಗೆದ್ರೆ ನಮ್ಮ ತಿಳಿ ನೀರು. ಕಾಲು ಇಳಿಬಿಟ್ಟು ಕೂರಬಹುದು” ಎಂದ. ಕೆಂಪು ನೀರಿನ ಮಾತಿಲ್ಲ. ನಿಮ್ಮ ಮಗಳ ಮಾತೂ ಇಲ್ಲ.

ಎಡ ಬಲದಲ್ಲಿ ಏನಾದರೂ ಗೊಂದಲವಾಗಿರಬಹುದೇ ಎಂದು ನಾನೂ ಯೋಚಿಸಿದೆ, ನನ್ನನ್ನು ಅಷ್ಟು ದಡ್ಡಿ ಎಂದುಕೊಳ್ಳಬೇಡಿ. ನೀರು ಹರಿಯುವ ಕಡೆಗೆ ಮುಖ ಮಾಡಿ ನಿಂತು ಎಡ ಬಲ ಹೇಳುವುದು ನಮ್ಮ ಕಡೆಯ ರೂಢಿ. ನಿಮ್ಮ ಕಡೆಯೂ ಹಾಗೇ ಎಂದು ಮದುವೆ ಮಾತಾಡಲು ಬಂದಾಗಲೇ ನೋಡಿದ್ದೇನೆ. ಇವರಿಬ್ಬರೂ ಹೊಳೆಯ ಪಕ್ಕದಲ್ಲೇ ಬೆಳೆದವರು. ಇಬ್ಬರೂ ಸರಿಯಾಗಿಯೇ ಹೇಳಿದ್ದಾರೆ. ಅವನು ಆಚೆ ದಡ, ಅವಳು ಈಚೆ ದಡ. ನಡುವೆ ಅಷ್ಟಗಲದ ನೀರು.

ಬೇರೆಬೇರೆ ಮನೆ ಮಾಡಿದ್ದಾರೆ ಬೀಗತಿಯವರೇ. ನಮ್ಮಿಂದ ಮುಚ್ಚಿಟ್ಟಿದ್ದಾರೆ.

ಹೋದ ತಿಂಗಳು ಅವನು ದೋಣಿಯವರ ಸಮವಸ್ತ್ರದ ಪ್ಯಾಂಟು ಕಳಿಸಿದ್ದ, ಸೊಂಟದಲ್ಲಿ ಎರಡು ಬೆರಳು ಹಿಡಿಯಬೇಕು ಎಂದು. ಹಿಡಿದು ಕಳಿಸಿದೆ. ಆಗ ಹೊಳೆಯಲಿಲ್ಲ. ಎರಡು ಬೆರಳು ಇಳಿದಿದ್ದಾನೆ ಎಂದರೆ ಹುಡುಗನಿಗೆ ಹೊತ್ತಿಗೆ ಸರಿಯಾಗಿ ಊಟ ಹಾಕುವವರಿಲ್ಲ. ನಿಮ್ಮ ಮಗಳು ಅವನನ್ನು ಮನೆಯಿಂದ ಹೊರಗೆ ಹಾಕಿದಳೇ? ತಾಯಿಯಿಂದಲೇ ಕಲಿತಿರಬೇಕು, ಇದ್ದದ್ದನ್ನು ಬಿಚ್ಚಿ ಹಾಕುವುದನ್ನು.

ನಿಮ್ಮ ಅಳಿಯನ ತಾಯಿ


ಕೆಂಪುಹೊಳೆಯ ಊರು
ಮಾರ್ಚ್ ೧೫

ಹೊಲಿಗೆಯವರಿಗೆ,

ಬೀಗತಿ ಎಂದು ಬರೆಯಲು ಇವತ್ತು ಮನಸ್ಸಿಲ್ಲ.

ಊಟ ಹಾಕುವವರಿಲ್ಲದೆ ನಿಮ್ಮ ಮಗ ಸೊರಗಿದ್ದಾರಂತೆ. ನನ್ನ ಮಗಳು ದಿನವಿಡೀ ಬಾಟಲಿಗಳಲ್ಲಿ ಹೊಳೆ ನೀರು ತುಂಬಿಕೊಂಡು ಬಂದು ಪರೀಕ್ಷೆ ಮಾಡಿ, ಒಂದು ಊರಿಗೆ ಕುಡಿಯುವ ನೀರು ಸರಿಯಿದೆ ಎಂದು ಸಹಿ ಹಾಕುವವಳು. ಅವಳೇ ಒಲೆ ಹಚ್ಚಬೇಕೆಂದು ಎಲ್ಲಿ ಬರೆದಿದೆ? ನಿಮ್ಮ ಮಗನಿಗೆ ಕೈಯಿಲ್ಲವೇ? ಹಿಂಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂರಲು ಪುರುಸೊತ್ತಿದೆ. ಆ ಎಡದಂಡೆಯ ಮನೆಯಲ್ಲಿ ಅವರ ಜೊತೆ ಇನ್ಯಾರು ಕಾಲು ಇಳಿಬಿಟ್ಟು ಕೂರುತ್ತಾರೆ ಎಂದು ಕೇಳಿದಿರಾ? ಕೇಳಿರುವುದಿಲ್ಲ. ಗಂಡುಮಕ್ಕಳ ತಾಯಂದಿರು ಎಲ್ಲ ಕೇಳುತ್ತಾರೆ, ಅದೊಂದನ್ನು ಬಿಟ್ಟು.

ಮುಚ್ಚುಮರೆ ಸಾಕು ಎಂದು ಮೊನ್ನೆ ನಾನೇ ಮಗಳಿಗೆ ಹೇಳಿಬಿಟ್ಟೆ. “ನಿನ್ನ ಗಂಡ ಬೇರೆ ಮನೆ ಮಾಡಿರೋದು ನನಗೆ ಗೊತ್ತಾಗಿದೆ. ಅವರ ತಾಯಿಗೆ ಅವರೇ ಹೇಳಿದಾರೆ. ಇನ್ನೂ ಎಷ್ಟು ದಿನ ಮುಚ್ಚಿಡ್ತೀಯ?” ಎಂದೆ.

ಮೊದಲು ನಕ್ಕಳು. ಆಮೇಲೆ ಲೈನು ಹೋಯಿತೇನೋ ಎಂದು ಹಲೋ ಹಲೋ ಎಂದೆ. ಕೊನೆಗೆ ಸಣ್ಣ ದನಿಯಲ್ಲಿ, “ಅವರೇ ಹೇಳಿದ್ರಾ?” ಎಂದು ಕೇಳಿ ಇಟ್ಟುಬಿಟ್ಟಳು. ಇಷ್ಟು ದಿನ ಒಬ್ಬಳೇ ಹೊತ್ತುಕೊಂಡಿದ್ದಳು, ಈಗ ತಾಯಿಗೆ ಗೊತ್ತಾಯಿತಲ್ಲ ಎಂದು ತಡೆಯಲಾಗಲಿಲ್ಲ ಅವಳಿಗೆ. ನನಗೆ ಅದು ಅರ್ಥವಾಗುತ್ತದೆ. ಮನೆಗೆ ಬಾ ಎಂದು ಹೇಳುವಷ್ಟರಲ್ಲಿ ಲೈನು ಇರಲಿಲ್ಲ.

ಅವಳ ತಾಯಿ


ತಿಳಿಹೊಳೆಯ ಊರು
ಮಾರ್ಚ್ ೨೩

ಹಲೋ ಅಕ್ಕನವರಿಗೆ,

ನಿಮಗೊಬ್ಬರಿಗೇ ಬಾಯಿರುವುದೇ? ನಾನೂ ಹೇಳಿದೆ. ನನ್ನ ಮಗನಿಗೆ ಫೋನ್ ಮಾಡಿ, “ನಿನ್ನ ಹೆಂಡತಿ ಬೇರೆ ಮನೆ ಮಾಡಿದಾಳಂತೆ, ಅವಳ ತಾಯಿಗೆ ಅವಳ ಬಾಯಿಂದಾನೇ ಬಂದಿದೆ, ನಮ್ಮ ಹತ್ರ ಯಾಕೋ ಮುಚ್ಚಿಟ್ಟೆ?” ಎಂದೆ.

“ಯಾರು ಹೇಳಿದ್ದು?” ಎಂದ.

“ಹೇಳಿದ್ನಲ್ಲೋ, ಅವಳೇ.”

“ಯಾವಾಗಿಂದ ಅಂತೆ?”

ಪಾಪ, ದಿನ ಲೆಕ್ಕ ಹಾಕುತ್ತಿದ್ದಾನೆ ಎಂದುಕೊಂಡೆ. ನನಗೇನು ಗೊತ್ತು ಎಂದೆ. ಹಿಂದೆ ದೋಣಿಯ ಯಂತ್ರದ ಸದ್ದು ಬರುತ್ತಿತ್ತು. ಜನ ಹತ್ತುತ್ತಿದ್ದರು ಎಂದು ಕಾಣುತ್ತದೆ, ಯಾರೋ ಅವನನ್ನು ಕೂಗುತ್ತಿದ್ದರು. ಅವನು ಓಗೊಡಲಿಲ್ಲ. ನಾನೇ, “ಹೋಗಪ್ಪ, ಕೆಲಸ ನೋಡು” ಎಂದೆ.

ಆಮೇಲಿಂದ ಅವನು ಫೋನ್ ಮಾಡಿಲ್ಲ. ನಾನು ಮಾಡಿದರೆ ಊಟ ಆಯ್ತು, ಕೆಲಸ ಇದೆ, ಅಷ್ಟೇ. ನನ್ನ ಮಗ ನನ್ನ ಹತ್ತಿರ ಹೀಗೆ ಮಾತಾಡಿದವನಲ್ಲ. ಯಂತ್ರದ ಮುಂದೆ ಕೂತರೆ ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ. ಗಿರಾಕಿಗಳು ಕಣ್ಣು ತೋರಿಸಿಕೊಳ್ಳಿ ಎನ್ನುತ್ತಾರೆ. ಕಣ್ಣಿಗೇನೂ ಆಗಿಲ್ಲ.

ನೀವು ಒಬ್ಬರೇ ಇರುವವರು, ಒಂದು ಸಲ ಆ ಊರಿಗೆ ಹೋಗಿ ನೋಡಿಬಿಡಿ. ನಾನು ಅಂಗಡಿ ಬಿಟ್ಟು ಬರಲು ಆಗುವುದಿಲ್ಲ. ಸುಳ್ಳೇಕೆ, ಬರಲು ಭಯ. ಕಣ್ಣಾರೆ ಕಂಡದ್ದನ್ನು ಇದ್ದದ್ದು ಇದ್ದ ಹಾಗೆ ಬರೆಯಿರಿ, ನನ್ನ ಮಗನದೇ ತಪ್ಪಿದ್ದರೂ.

ಅವನ ತಾಯಿ


ಕೆಂಪುಹೊಳೆಯ ಊರು
ಏಪ್ರಿಲ್ ೫

ಬೀಗತಿಯವರಿಗೆ,

ಹೋಗಿಬಂದೆ. ಯಾರಿಗೂ ಹೇಳದೆ, ಕಳ್ಳಿಯ ಹಾಗೆ ತಲೆಗೆ ಶಾಲು ಹೊದ್ದು ಹೋದೆ. ಅಳಿಯಂದಿರ ದೋಣಿ ಹೊರಡುವುದನ್ನು ಮರೆಯಲ್ಲಿ ನಿಂತು ನೋಡಿ, ಇನ್ನೊಬ್ಬರ ದೋಣಿ ಹತ್ತಿ ಬಲದಂಡೆಗೆ ದಾಟಿದೆ. ನದಿಯ ಮಧ್ಯದಲ್ಲಿ ನೀರು ಎರಡು ಬಣ್ಣ. ಒಂದು ಕಡೆ ನಮ್ಮ ಕೆಂಪು, ಒಂದು ಕಡೆ ನಿಮ್ಮ ತಿಳಿ. ನಡುವೆ ಗೆರೆ ನೆಟ್ಟಗೆ ಹೋಗಿದೆ, ನೀವೇ ಕೂತು ಹೊಲಿದ ಹಾಗೆ. ಕೂಡಿದ ಮೇಲೂ ಅಷ್ಟು ದೂರ ಪಕ್ಕಪಕ್ಕದಲ್ಲೇ ಹೋಗುತ್ತವೆ, ಬೆರೆಯುವುದಿಲ್ಲ.

ಬಲದಂಡೆಯಲ್ಲಿ ಒಂದೊಂದೇ ಬೀದಿ ಸುತ್ತಿದೆ. ಮಹಡಿ ಮನೆಗಳನ್ನೆಲ್ಲ ನೋಡಿದೆ. ಆಮೇಲೆ ಹೊಳೆಗೆ ಇಳಿಯುವ ಮೆಟ್ಟಿಲ ಮೇಲೆ ಕೂತಾಗ ಗಮನಕ್ಕೆ ಬಂತು. ಅಲ್ಲಿ ನನ್ನ ಕಾಲ ಹತ್ತಿರ ಇದ್ದದ್ದು ತಿಳಿ ನೀರು. ಕೆಂಪು ನೀರು ಆಚೆ ದಡದ ಉದ್ದಕ್ಕೆ ಹೋಗುತ್ತಿತ್ತು. ಈ ಕಡೆಯ ಯಾವ ಕಿಟಕಿ ತೆಗೆದರೂ ಮೊದಲು ಕಾಣುವುದು ನಿಮ್ಮ ನೀರೇ. ಹಾಗಾದರೆ ನನ್ನ ಮಗಳು ಸುಳ್ಳು ಹೇಳಿದಳು. ನನ್ನ ಮಗಳು ನನಗೆ ಸುಳ್ಳು ಹೇಳಿದಳು ಎಂದುಕೊಂಡು ಆ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ಕಣ್ಣೊರೆಸಿಕೊಂಡು ತಲೆ ಎತ್ತಿದಾಗ ಎದುರಿಗೆ, ಎರಡು ಹೊಳೆಗಳ ನಡುವೆ ಚೂಪಾಗಿ ಚಾಚಿಕೊಂಡಿರುವ ನೆಲ ಕಂಡಿತು. ಅದರ ಮೇಲೆ ಮನೆಗಳು.

ನೀವು ಈ ಕಾಗದ ಕೆಳಗಿಟ್ಟು ಎರಡೂ ಕೈಗಳನ್ನು ಮೇಜಿನ ಮೇಲೆ ಮುಂದಕ್ಕೆ ಚಾಚಿ, ಬೆರಳ ತುದಿ ಕೂಡಿಸಿ. ಎಡಗೈ ನಮ್ಮ ಕೆಂಪು ಹೊಳೆ, ಬಲಗೈ ನಿಮ್ಮ ತಿಳಿ ಹೊಳೆ. ಈಗ ಎರಡು ಕೈಗಳ ನಡುವಿನ ಜಾಗ ನೋಡಿ. ಎಡಗೈಗೆ ಅದು ಬಲಕ್ಕಿದೆ. ಬಲಗೈಗೆ ಅದೇ ಜಾಗ ಎಡಕ್ಕಿದೆ. ನಮ್ಮ ಹೊಳೆಯವಳು ಅದನ್ನು ಬಲದಂಡೆ ಅಂದಳು, ನಿಮ್ಮ ಹೊಳೆಯವನು ಎಡದಂಡೆ ಅಂದ. ಮನೆ ಒಂದೇ, ಬೀಗತಿಯವರೇ. ಆ ಊರಿನವರು ಅದಕ್ಕೆ ಎಡ ಅನ್ನುವುದೂ ಇಲ್ಲ, ಬಲ ಅನ್ನುವುದೂ ಇಲ್ಲ, ‘ಮೂಗು’ ಅನ್ನುತ್ತಾರೆ. ಗಂಡ ಹೆಂಡತಿ ತಮ್ಮತಮ್ಮಲ್ಲಿ ಅದನ್ನೇ ಅನ್ನುತ್ತಿದ್ದರಂತೆ. ಎಡ ಬಲ ಎಲ್ಲ ನಮಗೆ ಅರ್ಥವಾಗಲಿ ಎಂದು ಹೇಳಿದ್ದು.

ಅಲ್ಲಿಗೆ ದಾಟಿ ಕೇಳಿಕೊಂಡು ಹೋದೆ. ಹಗ್ಗದ ಅಂಗಡಿಯ ಮೇಲೆ ಮನೆ. ಕಡಿದಾದ ಮೆಟ್ಟಿಲು. ಮುಂದೆ ಕಿಟಕಿ, ಅದರಲ್ಲಿ ಕೆಂಪು ನೀರು. ಹಿಂದೆ ಬಾಗಿಲು, ಅದರಾಚೆ ತಿಳಿ ನೀರು. ಅವಳು ನನಗೆ ಕಿಟಕಿ ಕೊಟ್ಟಳು, ಅವರು ನಿಮಗೆ ಬಾಗಿಲು ಕೊಟ್ಟರು. ಅವರವರ ತಾಯಿಗೆ ಖುಷಿಯಾಗಲಿ ಎಂದು.

ಒಳಗೆ ಅಳಿಯಂದಿರು ಒಬ್ಬರೇ ಇದ್ದರು. ಪಾಳಿ ಮುಗಿಸಿ ಬಂದು ಬೂಟು ಕೂಡ ಬಿಚ್ಚದೆ ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತು, “ಅತ್ತೆ, ಅವಳು ನಿಮ್ಮನೇಲಿದಾಳಾ?” ಎಂದರು. ಅದನ್ನೇ ಕೇಳಲು ನಾನು ಬಾಯಿ ತೆರೆದಿದ್ದೆ.

ನಮ್ಮ ಫೋನುಗಳಾದ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಕದ್ದು ಗಮನಿಸತೊಡಗಿದ್ದರಂತೆ. ಅವರಿಗೆ ಆಗಾಗ ರಾತ್ರಿ ಪಾಳಿ, ಆ ಹೊತ್ತಿನಲ್ಲಿ ಎಲ್ಲಿರುತ್ತಾರೋ ಎಂದು ಇವಳಿಗೆ ಅನುಮಾನ. ಇವಳು ನೀರು ತುಂಬಿಕೊಳ್ಳಲು ದಡದಿಂದ ದಡಕ್ಕೆ ಅಲೆಯುವವಳು, ಎಲ್ಲಿಗೆ ಹೋಗುತ್ತಾಳೋ ಎಂದು ಅವರಿಗೆ. ಕೊನೆಗೆ ಅವಳು, “ಬೇರೆ ಮನೆ ಮಾಡಿದೀರಂತಲ್ಲ” ಎಂದಳಂತೆ. ಅವರು, “ನೀನೂ ಮಾಡಿದೀಯಂತಲ್ಲ” ಎಂದರಂತೆ. ಎಲ್ಲಿ, ಯಾವ ದಂಡೆ ಎಂದು ಒಬ್ಬರೂ ಕೇಳಲಿಲ್ಲ. ಅವಳು ಬಟ್ಟೆ ತುಂಬಿಕೊಂಡು ಹೊರಟುಹೋದಳು.

ಕೈ ಚಾಚಿ ತೋರಿಸಿದೆ. ಅವರು ಕಿಟಕಿಯ ಕಡೆ ನೋಡಿದರು, ಹಿಂಬಾಗಿಲ ಕಡೆ ನೋಡಿದರು, ಹೊಸ್ತಿಲ ಮೇಲೆ ಕೂತರು.

“ಮತ್ತೆ ರಜೇಲಿ ಎಲ್ಲಿಗೆ ಹೋಗ್ತಿದ್ರಿ?” ಎಂದೆ. ಕೇಳದೆ ಇರಲಾಗಲಿಲ್ಲ.

“ಎಲ್ಲಿಗೂ ಇಲ್ಲ ಅತ್ತೆ. ಬಾಗಿಲು ಹಾಕ್ಕೊಂಡು ಇಲ್ಲೇ ಇರ್ತಿದ್ವಿ. ನಿಮ್ಮನೆಗೆ ಬಂದು ಹೋದ್ರೆ ಒಂದು ವಾರ ಜಗಳ, ಅಮ್ಮನ ಮನೆಗೆ ಹೋಗಿ ಬಂದ್ರೆ ಇನ್ನೊಂದು ವಾರ. ಎಲ್ಲೂ ಹೋಗ್ದೆ ಇದ್ರೆ ಚೆನ್ನಾಗಿರ್ತಿದ್ವಿ.”

ಸಮವಸ್ತ್ರ ಕೊಟ್ಟಿದ್ದೇ ದೊಡ್ಡದಂತೆ. ಸೊಂಟ ಇಳಿದಿಲ್ಲ.

ಮಗಳು ಫೋನ್ ಎತ್ತುತ್ತಿಲ್ಲ. ಕಚೇರಿಯಲ್ಲಿ ರಜೆ ಹಾಕಿದ್ದಾಳೆ. ನನ್ನ ಮನೆಗೇ ಬಂದಿರಬಹುದೆಂದು ಓಡಿಬಂದೆ, ಬಂದಿಲ್ಲ. ನಿಮಗೆ ತಕ್ಷಣ ತಿಳಿಸಬೇಕೆಂದು ಫೋನ್ ಕೈಗೆತ್ತಿಕೊಂಡೆ. ನಿಮ್ಮ ದನಿ ಕೇಳಿಸಿದರೆ ಏನು ಹೇಳುವುದೋ ತೋಚಲಿಲ್ಲ. ಇಟ್ಟು ಇದನ್ನು ಬರೆಯುತ್ತಿದ್ದೇನೆ.

ನಿಮ್ಮ ಸೊಸೆಯ ತಾಯಿ


ತಿಳಿಹೊಳೆಯ ಊರು
ಏಪ್ರಿಲ್ ೯

ಬೀಗತಿಯವರೇ,

ನಿಮ್ಮ ಪತ್ರ ಇವತ್ತು ಮಧ್ಯಾಹ್ನ ಬಂತು. ಅವಳು ನಿನ್ನೆ ಬಂದಿದ್ದಳು.

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅವಳು ಬಾಗಿಲಲ್ಲೇ ನಿಂತಿದ್ದಳು, ಕೈಯಲ್ಲಿ ಚೀಲ. ನಾನು ಬಾ ಎನ್ನಲಿಲ್ಲ. ನನ್ನ ಮಗನನ್ನು ಬಿಟ್ಟುಹೋದವಳು ಎಂದೇ ನನ್ನ ತಲೆಯಲ್ಲಿತ್ತು. ಗಿರಾಕಿಗಳು ಹೋಗುವವರೆಗೆ ಕಾದು ಹತ್ತಿರ ಬಂದಳು.

“ಅತ್ತೆ, ಒಂದೇ ಒಂದು ಮಾತು. ಅವರು ಬೇರೆ ಮನೆ ಮಾಡಿರೋದು ನಿಜಾನಾ? ನೀವು ಅವರ ಬಾಯಿಂದಾನೇ ಕೇಳಿದ್ರಾ? ನೀವು ಇಲ್ಲ ಅಂದ್ರೆ ನಾನು ನಂಬ್ತೀನಿ.”

ಅಷ್ಟು ದೂರದಿಂದ ಇಲ್ಲ ಅನ್ನಿಸಿಕೊಳ್ಳಲು ಬಂದಿದ್ದಳು, ಬೀಗತಿಯವರೇ. ಈಗ ಗೊತ್ತಾಗುತ್ತಿದೆ. ಆಗ ನಾನು ಯಂತ್ರದಿಂದ ಕಣ್ಣು ಕೂಡ ಎತ್ತದೆ, “ಅವನ ಬಾಯಿಂದಾನೇ ಕೇಳಿದೆ. ಎರಡು ಸಲ ಕೇಳಿದೆ. ನೀನೇನು ಕಡಿಮೆ?” ಎಂದೆ.

ಅವಳು ಚೀಲ ಎತ್ತಿಕೊಂಡಳು. ನೀರು ಬೇಕಾ ಎಂದು ಕೇಳಲು ಯಜಮಾನರು ಒಳಗಿಂದ ಬರುವಷ್ಟರಲ್ಲಿ ಬೀದಿ ತಿರುವಿನಲ್ಲಿ ಮರೆಯಾಗಿದ್ದಳು.

ಒಂದು ಫೋನ್ ಮಾಡಿದ್ದರೆ! ಅವಳು ನನ್ನ ಬಾಗಿಲಿಗೆ ಬರುವ ಹೊತ್ತಿಗೆ ನಿಮ್ಮ ಕಾಗದ ಅಂಚೆ ಚೀಲದಲ್ಲಿತ್ತು. ನಿಮ್ಮನ್ನು ಬಯ್ಯಲೂ ನನಗೆ ಬಾಯಿಲ್ಲ. ಮಾತು ಬಿಟ್ಟವಳು ನಾನು.

ಇಲ್ಲಿಂದ ಎಲ್ಲಿಗೆ ಹೋದಳೋ ಗೊತ್ತಿಲ್ಲ. ಮಗನಿಗೆ ಹೇಳಿದ್ದೇನೆ. ಅವನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಿಜ ಹೇಳಿ, ಅವಳು ನಿಮ್ಮ ಮನೆಯಲ್ಲೇ ಇದ್ದಾಳಲ್ಲವೇ? ಅವಳು ಬೇಡ ಅಂದದ್ದಕ್ಕೆ ಇಲ್ಲ ಎಂದು ಬರೆದಿದ್ದೀರಿ, ಅಲ್ಲವೇ? ಹಾಗಿದ್ದರೆ ಒಳ್ಳೆಯದು.

ನಿಮ್ಮ ಬೀಗತಿ


ಕೆಂಪುಹೊಳೆಯ ಊರು
ಏಪ್ರಿಲ್ ೨೦

ಬೀಗತಿಯವರೇ,

ನನ್ನ ಮನೆಯಲ್ಲಿರಲಿಲ್ಲ. ಇದ್ದಿದ್ದರೆ ಬಚ್ಚಿಡುತ್ತಿದ್ದೆನೋ ಏನೋ, ಆ ಮಟ್ಟಿಗೆ ನಿಮ್ಮ ಅನುಮಾನ ಸರಿ.

ನಿನ್ನೆ ಅವಳೇ ಫೋನ್ ಮಾಡಿದಳು. ಹೊಳೆಯ ಕೆಳಭಾಗದಲ್ಲಿ ನೀರೆತ್ತುವ ಕಡೆ ಒಂದು ಕೆಲಸ ಖಾಲಿಯಿತ್ತಂತೆ, ಕೇಳಿ ಹಾಕಿಸಿಕೊಂಡಿದ್ದಾಳೆ. ಅಳಿಯಂದಿರು ಹುಡುಕಿಕೊಂಡು ಹೋಗಿ ಎಲ್ಲ ಹೇಳಿದ್ದಾರೆ. ಅವಳ ಮುಂದೆಯೂ ಕೈ ಚಾಚಿ ತೋರಿಸಿದರಂತೆ.

“ಗೊತ್ತಾಯ್ತಲ್ಲ, ಇನ್ನಾದ್ರೂ ವಾಪಸ್ ಹೋಗು” ಎಂದೆ.

“ಅವರು ಏನೂ ಮಾಡಿಲ್ಲ ಅಂತ ಗೊತ್ತಾಯ್ತು ಅಮ್ಮ. ನಾನೂ ಮಾಡಿಲ್ಲ ಅಂತ ಅವರಿಗೆ ಗೊತ್ತಾಯ್ತು. ಆದ್ರೆ ನಾವಿಬ್ರೂ ನಂಬಿದ್ವಲ್ಲ. ಒಂದೇ ಮನೇಲಿ ಕೂತು, ಒಂದು ಸಲಾನೂ ಬಾಯಿಬಿಟ್ಟು ಕೇಳದೆ ನಂಬಿದ್ವಲ್ಲ. ಅದನ್ನೇನು ಮಾಡ್ಲಿ ಹೇಳು.”

ಅವರು ಏನೆಂದರು ಎಂದು ಕೇಳಿದೆ. ದಿನಾ ಪಾಳಿ ಮುಗಿಸಿ ಬಸ್ಸಿನಲ್ಲಿ ಬರುತ್ತಾರಂತೆ. ಪಂಪಿನ ಮನೆಯ ಹೊರಗೆ ಕಟ್ಟೆಯ ಮೇಲೆ ಕೂತಿದ್ದು, ಕೊನೆಯ ಬಸ್ಸಿಗೆ ಹೋಗುತ್ತಾರಂತೆ. ಮಾತಾಡುತ್ತೀರಾ ಎಂದೆ. “ಕೇಳ್ತಾರೆ. ನಾನೂ ಕೇಳ್ತೀನಿ. ಏನೇನೋ ಕೇಳ್ಕೋತೀವಿ” ಎಂದಳು. ಹಿಂದೆ ಪಂಪಿನ ಸದ್ದು ಎಷ್ಟು ಜೋರಾಗಿತ್ತೆಂದರೆ, ಅದರ ಹಿಂದೆ ಇನ್ನಾರಾದರೂ ಇದ್ದರೋ ಇಲ್ಲವೋ ಈ ಕಿವಿಗೆ ಗೊತ್ತಾಗಲಿಲ್ಲ.

ಬರಬೇಡ ಎಂದಿದ್ದಾಳೆ. ತಾನಾಗಿ ಕರೆಯುವವರೆಗೆ ಫೋನೂ ಬೇಡವಂತೆ. ನಿಮಗೂ ಇದನ್ನೇ ಹೇಳಲು ಹೇಳಿದಳು. ಹೇಳುವಾಗ ‘ಅತ್ತೆಗೂ’ ಎಂದಳು. ಹಾಗೆಂದು ಬರೆಯುತ್ತಿದ್ದೇನೆ, ನಿಮಗೆ ಬೇಕಾಗಬಹುದು.

ನಿಮ್ಮ ಬೀಗತಿ


ತಿಳಿಹೊಳೆಯ ಊರು
ಮೇ ೬

ಬೀಗತಿಯವರೇ,

ಆ ‘ಅತ್ತೆಗೂ’ ಎನ್ನುವುದನ್ನು ಎಷ್ಟು ಸಲ ಓದಿದೆನೋ. ಬರೆದದ್ದಕ್ಕೆ ನಿಮಗೆ ಒಳ್ಳೆಯದಾಗಲಿ. ಅವಳು ಬೇಡ ಅಂದದ್ದಕ್ಕೆ ನಾನೂ ಫೋನ್ ಮುಟ್ಟದೆ ಕೂತಿದ್ದೆ. ನನ್ನಂಥವಳಿಗೆ ಅದು ಎಷ್ಟು ಕಷ್ಟ ಎಂದು ಯಜಮಾನರನ್ನು ಕೇಳಿ.

ಇವತ್ತು ಬೆಳಗ್ಗೆ ಮಗನೇ ಫೋನ್ ಮಾಡಿದ. ನಾನು ಹೊಲಿಯುತ್ತಿದ್ದೆ. ಯಂತ್ರ ನಿಲ್ಲಿಸುವಷ್ಟೂ ಪುರುಸೊತ್ತು ಕೊಡದೆ ಒಂದೇ ಉಸಿರಿಗೆ ಹೇಳಿದ. ಆ ಮನೆ ಬಿಟ್ಟಾಯಿತಂತೆ. ಕೆಳಗೆ, ನೀರೆತ್ತುವ ಕಡೆ ಮನೆ ನೋಡಿದ್ದಾಯಿತಂತೆ. ದೋಣಿ ಕೆಲಸವೂ ಆ ಕಡೆಗೇ ಸಿಕ್ಕಿದೆಯಂತೆ. ಅಲ್ಲಿ ಹೊಳೆಯ ನೀರು ಒಂದೇ ಬಣ್ಣ ಅಮ್ಮ ಎಂದ. ಕೊನೆಗೆ, “ಇಲ್ಲೇ ಇದ್ದೀವಿ, ಚೆನ್ನಾಗಿದ್ದೀವಿ” ಎಂದ.

ಇದ್ದೀವಿ ಎಂದನೋ, ಇದ್ದೀನಿ ಎಂದನೋ. ಲೈನು ಕರಕರ ಎನ್ನುತ್ತಿತ್ತು, ನನ್ನ ಕಾಲು ಇನ್ನೂ ಪೆಡಲ್ ಮೇಲೇ ಇತ್ತು. ಇನ್ನೊಂದು ಸಲ ಹೇಳು ಎನ್ನಲು ಬಾಯಿಗೆ ಬಂದಿತ್ತು. ಅವಳೂ ಇದ್ದಾಳಾ, ಫೋನ್ ಕೊಡು ಎನ್ನಲೂ ಬಂದಿತ್ತು. ಹೊಸ ಮನೆ ಯಾವ ದಂಡೆಯಲ್ಲಿದೆ ಎಂದು ಕೇಳಲೂ ಬಂದಿತ್ತು. ನನ್ನ ಕಿವಿ ನಿಮ್ಮ ಕಿವಿಯಷ್ಟು ಚುರುಕಲ್ಲ, ನೀವಾಗಿದ್ದರೆ ತಕ್ಷಣ ಗೊತ್ತಾಗುತ್ತಿತ್ತು.

ಕೇಳಲಿಲ್ಲ. “ಸರಿಯಪ್ಪ, ಸಂತೋಷ” ಎಂದಷ್ಟೇ ಹೇಳಿ ಇಟ್ಟೆ.

ನಿಮಗೆ ಮಗಳು ಏನಾದರೂ ಹೇಳಿದ್ದರೆ ನನಗೆ ಬರೆಯಬೇಡಿ. ಹೇಳಿಲ್ಲವಾದರೆ ನೀವೂ ಕೇಳಬೇಡಿ. ನನಗೆ ಇದ್ದೀವಿ ಎಂದೇ ಕೇಳಿಸಿದೆ.

ನಿಮ್ಮ ಬೀಗತಿ